ಬೆಂಕಿ ಬಿದ್ದಾಗ ನಲ್ಲಿ ಹುಡುಕುವ ಆಡಳಿತ

ತಿಪಟೂರಿನ ನಗರಸಭೆಗೂ, ಚಿಕ್ಕನಾಯಕನಹಳ್ಳಿಯ ಪುರಸಭೆಗೂ, ತುರುವೇಕೆರೆಯ ಪಟ್ಟಣ ಪಂಚಾಯಿತಿಗೂ ನಾವು ಬಹಿರಂಗವಾಗಿ ಮೂರು ಪ್ರಶ್ನೆಗಳನ್ನು ಹಾಕುತ್ತೇವೆ. ನಿಮ್ಮ ಊರಿನಲ್ಲಿ ಬೆಂಕಿ ಆರಿಸಲು ಫೈರ್ ಇಂಜಿನ್ನಿಗೆ ನೀರು ಕೊಡತಕ್ಕ ಸಾರ್ವಜನಿಕ ನಲ್ಲಿಗಳು ಎಷ್ಟಿವೆ? ಅವು ಯಾವ ಯಾವ ಬೀದಿಯಲ್ಲಿವೆ? ಒಂದೊಂದನ್ನೂ ಕಡೆಯ ಬಾರಿ ತೆರೆದು, ನೀರು ಬಿಟ್ಟು ಪರೀಕ್ಷಿಸಿದ ತಾರೀಖು ಯಾವುದು? ಉತ್ತರ ಇದ್ದರೆ ಕಛೇರಿಯ ಬಾಗಿಲಿಗೆ ಅಂಟಿಸಿ. ಇಲ್ಲದಿದ್ದರೆ ಇಲ್ಲವೆಂದೇ ಬರೆದು ಅಂಟಿಸಿ. ಎರಡರಲ್ಲಿ ಯಾವುದನ್ನು ಮಾಡಿದರೂ ಜನ ನಿಮ್ಮನ್ನು ಇಂದಿಗಿಂತ ಹೆಚ್ಚು ಗೌರವಿಸುತ್ತಾರೆ.

ಇದು ಸಣ್ಣ ವಿಷಯವೆಂದು ಮೂಗು ಮುರಿಯುವವರು ಇದ್ದಾರೆ. ಕೊಬ್ಬರಿಯ ದರ, ಕೂಲಿಯ ದರ, ಹೇಮಾವತಿಯ ನೀರು ಎಂಬ ದೊಡ್ಡ ದೊಡ್ಡ ಪ್ರಶ್ನೆಗಳು ಬಾಯಿ ತೆರೆದು ನಿಂತಿರುವಾಗ ಸಮಾಜವಾದಿಗಳು ಬೀದಿಯ ನಲ್ಲಿಯ ಮುಚ್ಚಳ ಹಿಡಿದು ಕೂತಿದ್ದಾರಲ್ಲಾ ಎಂದು ಅವರು ನಗಬಹುದು. ನಗಲಿ. ಮಂಡಿಯೊಂದು ಹೊತ್ತಿ ಉರಿದ ಮಾರನೆಯ ದಿನ ಆ ಬೀದಿಯಲ್ಲಿ ಯಾರೂ ನಗುವುದಿಲ್ಲ. ಅಂದು ಕೊಬ್ಬರಿಯ ದರ ಏನಾದರೇನು, ಮಾರುವುದಕ್ಕೆ ಕೊಬ್ಬರಿಯೇ ಇರುವುದಿಲ್ಲ. ಕೂಲಿಯ ದರ ಏನಾದರೇನು, ಹೊರುವುದಕ್ಕೆ ಮೂಟೆಯೇ ಇರುವುದಿಲ್ಲ.

ಉರಿಯುವ ಸರಕಿನ ನಾಡು

ನಮ್ಮ ಮೂರು ತಾಲ್ಲೂಕುಗಳು ಜೀವನ ಮಾಡುತ್ತಿರುವುದೇ ಉರಿಯುವ ಸರಕಿನ ಮೇಲೆ. ಕಲ್ಪವೃಕ್ಷ ಕೊಡುವ ಎಳನೀರೊಂದನ್ನು ಬಿಟ್ಟರೆ ಮಿಕ್ಕಿದ್ದೆಲ್ಲವೂ ಒಲೆಗೆ ಪ್ರಿಯವಾದದ್ದೇ. ಗರಿ, ಮಟ್ಟೆ, ಚಿಪ್ಪು, ನಾರು, ನಾರಿನ ಪುಡಿ, ಕೊಬ್ಬರಿ, ಕೊಬ್ಬರಿ ಎಣ್ಣೆ, ಹಿಂಡಿ ಇವುಗಳಲ್ಲಿ ಬೆಂಕಿಗೆ ಬೇಡವಾದದ್ದು ಯಾವುದಿದೆ? ರೈತ ತನ್ನ ಮನೆಯ ಅಟ್ಟದ ಮೇಲೆ ಕಾಯನ್ನು ಹತ್ತು ಹನ್ನೆರಡು ತಿಂಗಳು ಇಟ್ಟು ಉಂಡೆ ಕೊಬ್ಬರಿ ಮಾಡುತ್ತಾನೆ. ಮೇಲೆ ವರ್ಷದ ದುಡಿಮೆ, ಕೆಳಗೆ ಹೆಂಡತಿ ಮಕ್ಕಳು. 2024ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಾಲಿಗೆ 12,000 ರೂಪಾಯಿ. ಆ ಲೆಕ್ಕದಲ್ಲೇ ಹಿಡಿದರೂ ಅಟ್ಟದ ಮೇಲೆ 10 ಕ್ವಿಂಟಾಲು ಇಟ್ಟ ಸಣ್ಣ ಹಿಡುವಳಿದಾರನ 1,20,000 ರೂಪಾಯಿ ಒಂದು ಕಿಡಿಯ ದೂರದಲ್ಲಿದೆ.

ಕೊಬ್ಬರಿಯ ಗುಣವನ್ನು ನಾವು ಹೊಸದಾಗಿ ಕಂಡುಹಿಡಿಯಬೇಕಾಗಿಲ್ಲ. ಹಡಗಿನಲ್ಲಿ ಸರಕು ಸಾಗಿಸುವವರು ಪಾಲಿಸುವ ವಿಶ್ವಸಂಸ್ಥೆಯ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಕೊಬ್ಬರಿಗೆ 1363 ಎಂಬ ಸಂಖ್ಯೆ ಇದೆ. ತಾನಾಗಿ ಕಾವೇರುವ ಸರಕುಗಳ ಗುಂಪಿಗೆ ಅದನ್ನು ಸೇರಿಸಿದ್ದಾರೆ. ಸರಿಯಾಗಿ ಒಣಗದ ಕೊಬ್ಬರಿಯನ್ನು ಗಾಳಿಯಾಡದಂತೆ ಒತ್ತಿ ಪೇರಿಸಿದರೆ ಒಳಗೊಳಗೇ ಬಿಸಿಯಾಗುತ್ತದೆಂಬುದು ಮಂಡಿಯಲ್ಲಿ ದುಡಿಯುವ ಹಮಾಲನಿಗೂ ಗೊತ್ತು, ಹಡಗಿನ ಕಪ್ತಾನನಿಗೂ ಗೊತ್ತು. ಗೊತ್ತಿಲ್ಲದಂತೆ ಇರುವುದು ಊರನ್ನು ಆಳುವವರಿಗೆ ಮಾತ್ರ.

ನಾರಿನ ಮಾತು ಇನ್ನೂ ಬೇರೆ. ನಾರಿನ ರಾಶಿಗೆ ಹತ್ತಿದ ಬೆಂಕಿ ಮೇಲೆ ಆರಿದಂತೆ ಕಂಡರೂ ಹೊಟ್ಟೆಯೊಳಗೆ ಹೊಗೆಯಾಡುತ್ತಲೇ ಇರುತ್ತದೆ. ರಾಶಿಯನ್ನು ಕೆದಕಿ, ನೀರು ಹೊಡೆದು, ಮತ್ತೆ ಕೆದಕಿ, ಮತ್ತೆ ನೀರು ಹೊಡೆಯಬೇಕು. ಇದಕ್ಕೆ ಬೇಕಾದದ್ದು ಗಂಟೆಗಟ್ಟಲೆ ನಿಲ್ಲದೆ ಬರುವ ನೀರು. ಒಂದು ಗಾಡಿಯ ತೊಟ್ಟಿಯ ನೀರಿನಿಂದ ಆಗುವ ಕೆಲಸ ಇದಲ್ಲ.

ಲೆಕ್ಕ ಮಾಡಿ ನೋಡೋಣ

ಪ್ರಾಥಮಿಕ ಶಾಲೆಯ ಮಕ್ಕಳು ಹಲಗೆಯ ಮೇಲೆ ಮಾಡಬಲ್ಲ ಲೆಕ್ಕ ಇದು. ನಮ್ಮ ಕಡೆಯ ಫೈರ್ ಇಂಜಿನ್ನುಗಳ ಸಾಮಾನ್ಯ ತೊಟ್ಟಿ 4,500 ಲೀಟರಿನದು. ಒಂದು ಹೋಸ್ ಪೈಪಿನಿಂದ ನಿಮಿಷಕ್ಕೆ 450 ಲೀಟರು ಹೊರಟಿತೆಂದು ಇಟ್ಟುಕೊಳ್ಳಿ. ತೊಟ್ಟಿ ಬರಿದಾಗಲು 10 ನಿಮಿಷ. ಎರಡು ಹೋಸ್ ಹಿಡಿದರೆ 5 ನಿಮಿಷ. ಅನಂತರ? ಗಾಡಿ ನೀರು ತರಲು ಹೋಗಬೇಕು. ಬಿ.ಹೆಚ್. ರಸ್ತೆಯ ಲಾರಿಗಳ ನಡುವೆ ನುಸುಳಿ, ನೀರಿರುವ ಜಾಗ ಹುಡುಕಿ, ತುಂಬಿಸಿಕೊಂಡು ಬರುವ ಹೊತ್ತಿಗೆ ಅರ್ಧ ಗಂಟೆಯಾದರೆ ಆ ಅರ್ಧ ಗಂಟೆ ಬೆಂಕಿಯದು. ಸುಮ್ಮನೆ ನಿಂತು ನೋಡುವ ಅರ್ಧ ಗಂಟೆ ಅಗ್ನಿಶಾಮಕ ದಳದ ಸಿಬ್ಬಂದಿಯದು. ಕಡೆಗೆ ಜನರ ಬೈಗುಳವೂ ಅವರಿಗೇ. ಖಾಲಿ ಗಾಡಿಯ ಮುಂದೆ ನಿಂತ ಆ ನೌಕರರನ್ನು ಬಯ್ಯಬೇಡಿರೆಂದು ನಾವು ಹೇಳುತ್ತೇವೆ. ಅವರೂ ದುಡಿಯುವ ಜನ. ಕೈಗೆ ಹೋಸ್ ಕೊಟ್ಟು ನೀರು ಕೊಡದೆ ಕಳಿಸಿದವರು ಬೇರೆ ಇದ್ದಾರೆ.

ಇನ್ನೊಂದು ಲೆಕ್ಕ. ಪಟ್ಟಣದ ನೀರು ಸರಬರಾಜಿನಲ್ಲಿ ಬೆಂಕಿ ಆರಿಸಲೆಂದೇ ಎಷ್ಟು ನೀರಿನ ಅನುಕೂಲ ಇರಬೇಕೆಂಬುದಕ್ಕೆ ಕೇಂದ್ರ ಸರ್ಕಾರದ 1999ರ ನೀರು ಸರಬರಾಜು ಕೈಪಿಡಿಯಲ್ಲಿ ಒಂದು ಸೂತ್ರವಿದೆ. 50,000ಕ್ಕಿಂತ ಹೆಚ್ಚು ಜನರಿರುವ ಊರಿಗೆ ಆ ಸೂತ್ರ ಅನ್ವಯಿಸುತ್ತದೆ. ಜನಸಂಖ್ಯೆಯನ್ನು ಸಾವಿರಗಳಲ್ಲಿ ಬರೆದು, ಅದರ ವರ್ಗಮೂಲ ತೆಗೆದು, ನೂರರಿಂದ ಗುಣಿಸಿದರೆ ಬರುವುದು ದಿನಕ್ಕೆ ಬೇಕಾದ ಕಿಲೋಲೀಟರು. 2011ರ ಜನಗಣತಿಯಲ್ಲಿ ತಿಪಟೂರು ಪಟ್ಟಣದ ಜನಸಂಖ್ಯೆ 60 ಸಾವಿರದ ಹತ್ತಿರ. ಅರವತ್ತರ ವರ್ಗಮೂಲ ಏಳೂಮುಕ್ಕಾಲು. ಅಂದರೆ ಸುಮಾರು 775 ಕಿಲೋಲೀಟರು, 7,75,000 ಲೀಟರು. 4,500 ಲೀಟರಿನ ಗಾಡಿಯಲ್ಲಿ ಇಷ್ಟು ನೀರು ಹೊರಲು 172 ಸಲ ಓಡಾಡಬೇಕು. ಇದರ ಮೂರನೆಯ ಒಂದು ಭಾಗವಾದರೂ ಊರಿನ ನೀರಿನ ಟ್ಯಾಂಕುಗಳಲ್ಲಿ ಸದಾ ಇರಬೇಕು, ಮಿಕ್ಕದ್ದು ಆಯಕಟ್ಟಿನ ಜಾಗಗಳ ತೊಟ್ಟಿಗಳಲ್ಲಿರಬೇಕು ಎಂದು ಅದೇ ಕೈಪಿಡಿ ಹೇಳುತ್ತದೆ. ಪುಸ್ತಕದಲ್ಲಿ ನೀರಿಗೆ ಕೊರತೆಯಿಲ್ಲ. ಕೊರತೆ ಇರುವುದು ಬೀದಿಯಲ್ಲಿ.

ನಲ್ಲಿ ಹೇಗೆ ಸಾಯುತ್ತದೆ

ಇಂಗ್ಲಿಷಿನವರು ಹೈಡ್ರೆಂಟ್ ಎಂದು ಕರೆದ ಈ ನಲ್ಲಿ ದೊಡ್ಡ ವಿದ್ಯೆಯೇನೂ ಅಲ್ಲ. ಬೀದಿಯ ಕೆಳಗೆ ಹೋಗುವ ದಪ್ಪ ಕೊಳವೆಗೆ ಜೋಡಿಸಿದ ಒಂದು ವಾಲ್ವು, ಅದರ ಬಾಯಿಗೆ ಫೈರ್‌ನವರ ಹೋಸ್ ಕಚ್ಚಿಕೊಳ್ಳುವಂಥ ಒಂದು ಜೋಡಣೆ. ಇಷ್ಟೇ. ನೆಲದ ಮೇಲೆ ಗೂಟದಂತೆ ನಿಂತಿರುವುದು ಒಂದು ಬಗೆ, ರಸ್ತೆಯೊಳಗಿನ ಗುಂಡಿಯಲ್ಲಿ ಕಬ್ಬಿಣದ ಮುಚ್ಚಳದ ಕೆಳಗೆ ಕೂತಿರುವುದು ಇನ್ನೊಂದು ಬಗೆ. ಭಾರತೀಯ ಮಾನಕ ಸಂಸ್ಥೆಯು ಮೊದಲನೆಯದಕ್ಕೆ 908, ಎರಡನೆಯದಕ್ಕೆ 909 ಎಂಬ ಸಂಖ್ಯೆಯ ಮಾನಕಗಳನ್ನು ಮಾಡಿದೆ. ಇವನ್ನು ಹಾಕುವ ಮತ್ತು ಕಾಪಾಡುವ ಕ್ರಮವನ್ನು 13039ನೆಯ ಸಂಹಿತೆಯಲ್ಲಿ ಬರೆದಿಟ್ಟಿದೆ. ಹೀಗೆ ಮಾಡಬೇಕೆಂದು ಹೇಳಿಕೊಡುವವರು ಇಲ್ಲವೆಂಬ ನೆಪ ಯಾರಿಗೂ ಇಲ್ಲ.

ಆದರೆ ಹಾಕಿದ ನಲ್ಲಿ ತನ್ನಷ್ಟಕ್ಕೆ ತಾನು ಬದುಕಿರುವುದಿಲ್ಲ. ಅದು ಸಾಯುವ ದಾರಿಗಳು ಹಲವು. ಗುಂಡಿಯಲ್ಲಿ ಹೂಳು ತುಂಬುತ್ತದೆ. ವರ್ಷಗಟ್ಟಲೆ ತಿರುಗಿಸದ ವಾಲ್ವಿನ ತಿರುಪು ತುಕ್ಕು ಹಿಡಿದು ಕಲ್ಲಾಗುತ್ತದೆ. ಒಳಗಿನ ವಾಷರ್ ಒಣಗಿ ಬಿರಿಯುತ್ತದೆ. ಹೋಸ್ ಕಚ್ಚುವ ಕಿವಿಯನ್ನು ಯಾವುದೋ ಲಾರಿಯ ಚಕ್ರ ಮುರಿಯುತ್ತದೆ, ಇಲ್ಲವೆ ಗುಜರಿಯವನು ಒಯ್ಯುತ್ತಾನೆ. ವಾಲ್ವು ತಿರುಗಿಸುವ ಕೀಲಿ ಕಳೆದುಹೋಗುತ್ತದೆ. ಹೊಸ ಪೈಪ್‌ಲೈನ್ ಬಂದಾಗ ಮನೆಗಳ ನಲ್ಲಿಯನ್ನು ಅದಕ್ಕೆ ಜೋಡಿಸಿ, ಬೆಂಕಿಯ ನಲ್ಲಿಯನ್ನು ಸತ್ತ ಹಳೆಯ ಕೊಳವೆಯ ಮೇಲೆಯೇ ಬಿಟ್ಟುಬಿಡುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ ಅದನ್ನು ಕೊಲ್ಲುವುದು ರಸ್ತೆಯ ಕಂಟ್ರಾಕ್ಟು. ಚುನಾವಣೆ ಹತ್ತಿರ ಬಂದಾಗಲೆಲ್ಲ ಡಾಂಬರಿನ ಮೇಲೆ ಡಾಂಬರು, ಅದರ ಮೇಲೆ ಕಾಂಕ್ರೀಟು. ರಸ್ತೆ ಒಂದೊಂದು ಸಲಕ್ಕೆ ಎರಡೆರಡು ಅಂಗುಲ ಮೇಲೇಳುತ್ತದೆ, ಮುಚ್ಚಳ ಅಷ್ಟಷ್ಟೇ ಪಾತಾಳಕ್ಕೆ ಇಳಿಯುತ್ತದೆ. ಉದ್ಘಾಟನೆಯ ಕಲ್ಲಿನ ಮೇಲೆ ಹೆಸರುಗಳು ಮಾತ್ರ ಪ್ರತಿಸಲವೂ ಮೇಲಕ್ಕೆ ಏರುತ್ತವೆ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂದು ನಮ್ಮ ಹಿರಿಯರು ಅವಿವೇಕಿಗಳನ್ನು ಹಂಗಿಸಿದರು. ಮೊದಲೇ ಬಾವಿ ತೋಡಿ, ಬಾಯಿ ಮುಚ್ಚಿ, ಅದರ ಮೇಲೆ ಡಾಂಬರು ಹಾಕಿ, ಎಲ್ಲಿ ತೋಡಿದ್ದೆವೆಂಬುದನ್ನೂ ಮರೆಯುವ ಆಡಳಿತವನ್ನು ಅವರು ಕಂಡಿರಲಿಲ್ಲ. ಕಂಡಿದ್ದರೆ ಇನ್ನೊಂದು ಗಾದೆ ಕಟ್ಟುತ್ತಿದ್ದರು.

ಗುರುತಿಲ್ಲದ ನಲ್ಲಿ ಇದ್ದೂ ಇಲ್ಲದಂತೆ

ರಾತ್ರಿ ಎರಡು ಗಂಟೆ, ಕರೆಂಟು ತೆಗೆದಿದ್ದಾರೆ, ಬೀದಿಯ ತುಂಬ ಹೊಗೆ, ಜನರ ಕೂಗಾಟ. ಬೇರೆ ಊರಿನಿಂದ ಬಂದ ಫೈರ್ ಸಿಬ್ಬಂದಿ ನಲ್ಲಿಯನ್ನು ಹೇಗೆ ಕಂಡುಹಿಡಿಯಬೇಕು? ಆದ್ದರಿಂದಲೇ ಗುರುತು ಬೇಕು.

ಈ ಬುದ್ಧಿ ಲಂಡನ್ನಿಗೆ ಮುನ್ನೂರು ವರ್ಷಗಳ ಹಿಂದೆಯೇ ಬಂತು. 1666ರಲ್ಲಿ ನಗರವೇ ಸುಟ್ಟುಹೋದ ಮೇಲೆ ಬಂತೆಂಬುದು ಬೇರೆ ಮಾತು. 1708ರಲ್ಲಿ ಜಾರಿಗೆ ಬಂದ ಕಾನೂನು, ಬೀದಿಯ ನೀರಿನ ಕೊಳವೆಗಳಿಗೆ ಬೆಂಕಿಯ ಬಿರಡೆಗಳನ್ನು ಹಾಕಬೇಕು, ಅವು ಎಲ್ಲಿವೆಯೆಂದು ಎದುರಿನ ಮನೆಯ ಗೋಡೆಯ ಮೇಲೆ ಗುರುತು ಮಾಡಬೇಕು ಎಂದು ವಿಧಿಸಿತು. ಆದರೆ ಶ್ರೀಮಂತರ ಪಾರ್ಲಿಮೆಂಟು ತನ್ನ ಜಾತಿಯ ಬುದ್ಧಿಯನ್ನು ಬಿಡಲಿಲ್ಲ. ಅದೇ ಕಾನೂನಿನಲ್ಲಿ ಇನ್ನೊಂದು ಕಲಮು: ಅಜಾಗರೂಕತೆಯಿಂದ ಮನೆಗೆ ಬೆಂಕಿ ಹೊತ್ತಿಸಿದ ಮನೆಯಾಳು 100 ಪೌಂಡು ದಂಡ ತೆರಬೇಕು, ತೆರಲಾರದಿದ್ದರೆ 18 ತಿಂಗಳು ದುಡಿಮೆಯ ಸೆರೆ. ಧಣಿ ಬೆಂಕಿ ಹೊತ್ತಿಸಿದರೆ? ಅದಕ್ಕೆ ಅಲ್ಲಿ ದಂಡವಿಲ್ಲ. ಬೆಂಕಿ ಬಿದ್ದ ಕೂಡಲೇ ಬೀಡಿ ಸೇದಿದ ಕೂಲಿಯವನನ್ನು ಹುಡುಕುವ ಚಾಳಿ ಎಷ್ಟು ಹಳೆಯದೆಂಬುದನ್ನು ನಮ್ಮ ಕಾರ್ಮಿಕ ಬಂಧುಗಳು ಗಮನಿಸಬೇಕು.

ಇಂದು ಅದೇ ಇಂಗ್ಲೆಂಡಿನಲ್ಲಿ ನಲ್ಲಿಯ ಹತ್ತಿರದ ಗೋಡೆಗೆ ಅಥವಾ ಕಂಬಕ್ಕೆ ಹಳದಿ ತಗಡು, ಅದರ ಮೇಲೆ ಕಪ್ಪು ಅಕ್ಷರ. ಮೇಲಿನ ಅಂಕಿ ಕೊಳವೆಯ ದಪ್ಪವನ್ನು ಮಿಲಿಮೀಟರಿನಲ್ಲಿ ಹೇಳುತ್ತದೆ. ಕೆಳಗಿನ ಅಂಕಿ, ತಗಡಿನಿಂದ ಎಷ್ಟು ಮೀಟರು ದೂರದಲ್ಲಿ ನಲ್ಲಿಯಿದೆಯೆಂದು ಹೇಳುತ್ತದೆ. ಓದು ಬಾರದವನೂ ಎರಡು ಅಂಕಿ ಓದಬಲ್ಲ. ಹೀಗೆ ಗುರುತು ಹಾಕುವ ಹೊಣೆ ನೀರು ಸರಬರಾಜು ಮಾಡುವವರದೇ ಎಂದು ಅಲ್ಲಿನ 2004ರ ಅಗ್ನಿಶಾಮಕ ಕಾಯಿದೆ ಸ್ಪಷ್ಟವಾಗಿ ಹೇಳುತ್ತದೆ. ಅಮೆರಿಕದಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ ಬಣ್ಣದ ಏರ್ಪಾಡು ಮಾಡಿದ್ದಾರೆ. ಪರೀಕ್ಷೆ ಮಾಡಿದಾಗ ನಿಮಿಷಕ್ಕೆ 1,500 ಗ್ಯಾಲನ್ನಿಗೆ ಕಡಿಮೆಯಿಲ್ಲದೆ ನೀರು ಕೊಟ್ಟ ನಲ್ಲಿಯ ತಲೆಗೆ ತಿಳಿನೀಲಿ, ಸಾವಿರಕ್ಕೆ ಮೇಲ್ಪಟ್ಟದ್ದಕ್ಕೆ ಹಸಿರು, ಐನೂರಕ್ಕೆ ಮೇಲ್ಪಟ್ಟದ್ದಕ್ಕೆ ಕಿತ್ತಳೆ, ಐನೂರಕ್ಕೂ ಕಡಿಮೆಯಾದರೆ ಕೆಂಪು. ಕೆಟ್ಟ ನಲ್ಲಿಗೆ ಕೆಟ್ಟಿದೆಯೆಂದೇ ಗುರುತು. ಬೆಂಕಿಯ ಮುಂದೆ ನಿಂತವನು ಸತ್ತ ನಲ್ಲಿಯ ಜತೆ ಗುದ್ದಾಡಿ ಹೊತ್ತು ಕಳೆಯಬಾರದೆಂಬುದು ಅದರ ಉದ್ದೇಶ. ಬಣ್ಣವೆಂದರೆ ಅಲ್ಲಿ ಅಲಂಕಾರವಲ್ಲ, ಪರೀಕ್ಷೆಯ ಫಲಿತಾಂಶ. ಪರೀಕ್ಷೆಯಿಲ್ಲದೆ ಬಳಿದ ಬಣ್ಣ ಪಾಠ ಓದದ ಹುಡುಗನಿಗೆ ಕೊಟ್ಟ ಮಾರ್ಕಿನಂತೆ.

ಸುಟ್ಟು ಕಲಿತ ಪಾಠಗಳು

ಅಮೆರಿಕದವರಾದರೂ ಸುಮ್ಮನೆ ಜಾಣರಾಗಲಿಲ್ಲ. 1904ನೆಯ ಫೆಬ್ರವರಿ 7ರಂದು ಬಾಲ್ಟಿಮೋರ್ ನಗರಕ್ಕೆ ಬೆಂಕಿ ಬಿತ್ತು. ವಾಷಿಂಗ್ಟನ್ನಿನಿಂದ, ಫಿಲಡೆಲ್ಫಿಯಾದಿಂದ, ನ್ಯೂಯಾರ್ಕಿನಿಂದ ಇಂಜಿನ್ನುಗಳು ಸಹಾಯಕ್ಕೆ ಧಾವಿಸಿ ಬಂದವು. ಬಂದು ನೋಡಿದರೆ ಅವರ ಹೋಸಿನ ಬಾಯಿ ಬಾಲ್ಟಿಮೋರಿನ ನಲ್ಲಿಗೆ ಕೂರುವುದೇ ಇಲ್ಲ. ಊರಿಗೊಂದು ಅಳತೆ, ಕಂಪನಿಗೊಂದು ತಿರುಪು. ಬೆಂಕಿ 30 ಗಂಟೆಗೂ ಹೆಚ್ಚು ಉರಿಯಿತು. 1,500ಕ್ಕೂ ಹೆಚ್ಚು ಕಟ್ಟಡಗಳು ಬೂದಿಯಾದವು. ತಿಪಟೂರಿಗೆ ದೊಡ್ಡ ಬೆಂಕಿ ಬಿದ್ದರೆ ಅರಸೀಕೆರೆಯಿಂದ, ಗುಬ್ಬಿಯಿಂದ, ತುಮಕೂರಿನಿಂದ ಗಾಡಿಗಳು ಬರಬೇಕು. ಅವರ ಹೋಸು ನಮ್ಮ ನಲ್ಲಿಗೆ ಕೂರುತ್ತದೆಯೇ ಎಂಬುದನ್ನು ಬೆಂಕಿಯ ರಾತ್ರಿ ಪರೀಕ್ಷಿಸಬೇಕೋ, ಇಂದು ಹಗಲಿನಲ್ಲಿ ಪರೀಕ್ಷಿಸಬೇಕೋ?

ಎರಡನೆಯ ಪಾಠ ಗಿರಣಿ ಕಾರ್ಮಿಕರದು. 1911ನೆಯ ಮಾರ್ಚ್ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಎಂಬ ಉಡುಪು ಕಾರ್ಖಾನೆಯಲ್ಲಿ 146 ಜನ ಕಾರ್ಮಿಕರು ಸತ್ತರು. ಬಹುಪಾಲು ಹೊಟ್ಟೆಪಾಡಿಗೆ ವಲಸೆ ಬಂದ ಎಳೆಯ ಹೆಣ್ಣುಮಕ್ಕಳು. ಬಾಗಿಲಿಗೆ ಬೀಗ ಹಾಕಿತ್ತೆಂಬುದು ಎಲ್ಲರಿಗೂ ಗೊತ್ತಿರುವ ಮಾತು. ಅಷ್ಟು ಗೊತ್ತಿಲ್ಲದ ಮಾತೊಂದಿದೆ. ಬೆಂಕಿ ಇನ್ನೂ ಚಿಕ್ಕದಿರುವಾಗ ಅಲ್ಲಿನ ಮ್ಯಾನೇಜರು ಗೋಡೆಯ ಹೋಸನ್ನು ಎಳೆದು ನೀರು ಬಿಡಲು ನೋಡಿದ. ಹೋಸು ಕೊಳೆತಿತ್ತು. ವಾಲ್ವು ತುಕ್ಕು ಹಿಡಿದು ತಿರುಗಲಿಲ್ಲ. ಕಟ್ಟಡದಲ್ಲಿ ನಲ್ಲಿ ಇತ್ತು, ಹೋಸು ಇತ್ತು. ಅದನ್ನು ಮುಟ್ಟಿ ನೋಡಿದ ಕೈ ಇರಲಿಲ್ಲ. ಮಾಲೀಕರು ವಿಮೆಯ ಹಣ ಎಣಿಸಿಕೊಂಡರು, ಕೋರ್ಟಿನಲ್ಲಿ ಖುಲಾಸೆಯಾದರು. 1914ರಲ್ಲಿ ಸತ್ತವರ ಮನೆಯವರ ವ್ಯಾಜ್ಯ ಜೀವಕ್ಕೆ 75 ಡಾಲರಿನಂತೆ ತೀರುವಳಿಯಾಯಿತು. ತುಕ್ಕು ಹಿಡಿದ ವಾಲ್ವಿನ ಬೆಲೆಯನ್ನು ಕಟ್ಟುವವರು ಯಾವಾಗಲೂ ಯಾರೆಂಬುದು ಇಲ್ಲಿ ಕಾಣುತ್ತದೆ.

ಮೂರನೆಯದು ನಮ್ಮ ದೇಶದ್ದೇ. 1944ನೆಯ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಹತ್ತಿಯ ಬೇಲುಗಳನ್ನೂ ಸಿಡಿಮದ್ದನ್ನೂ ಒಟ್ಟಿಗೆ ತುಂಬಿದ್ದ ಫೋರ್ಟ್ ಸ್ಟಿಕೀನ್ ಎಂಬ ಹಡಗಿಗೆ ಬೆಂಕಿ ಹತ್ತಿತು. ಹತ್ತಿಯ ಬೆಂಕಿಯೂ ನಮ್ಮ ನಾರಿನ ಬೆಂಕಿಯಂತೆಯೇ, ಒಳಗೊಳಗೇ ಹೊಗೆಯಾಡುವಂಥದ್ದು. ಆರಿಸಲು ಹೋದ ಅಗ್ನಿಶಾಮಕ ಸಿಬ್ಬಂದಿಯಲ್ಲಿ 66 ಜನ ಸ್ಫೋಟಕ್ಕೆ ಬಲಿಯಾದರು. ಅವರ ನೆನಪಿಗೆ ಏಪ್ರಿಲ್ 14ನ್ನು ದೇಶವೆಲ್ಲ ಅಗ್ನಿಶಾಮಕ ಸೇವಾ ದಿನವೆಂದು ಆಚರಿಸುತ್ತದೆ. ಹಾರ, ಭಾಷಣ, ಕರಪತ್ರ ಎಲ್ಲ ಆಗುತ್ತವೆ. ಆಗಲಿ, ಬೇಡವೆನ್ನುವುದಿಲ್ಲ. ಆದರೆ ಸತ್ತ ಸೈನಿಕನ ಪಟಕ್ಕೆ ಹಾರ ಹಾಕಿ ಬದುಕಿರುವವನ ಕೈಗೆ ಖಾಲಿ ಹೋಸು ಕೊಡುವುದು ಯಾವ ಗೌರವ?

ಕೂಸು ಬಡವಾದ ಬಗೆ

ಹಾಗಾದರೆ ಈ ನಲ್ಲಿ ಯಾರದು? ಇಲ್ಲಿಯೇ ಇರುವುದು ರೋಗದ ಬೇರು. ಕೊಳವೆಯನ್ನೂ ಟ್ಯಾಂಕನ್ನೂ ಕಟ್ಟಿಸಿ ಕೊಡುವುದು ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ. ಕಟ್ಟಿದ್ದನ್ನು ನಡೆಸುವುದು ನಗರಸಭೆ. ನೀರು ಹೊಡೆಯುವುದು ಅಗ್ನಿಶಾಮಕ ಇಲಾಖೆ, ಅದು ಗೃಹ ಖಾತೆಗೆ ಸೇರಿದ್ದು. ರಸ್ತೆಯ ಮೇಲೆ ಡಾಂಬರು ಹಾಕುವುದು ಒಮ್ಮೆ ಲೋಕೋಪಯೋಗಿ ಇಲಾಖೆ, ಒಮ್ಮೆ ಹೆದ್ದಾರಿಯವರು. ನಲ್ಲಿ ಕೆಟ್ಟಿದೆಯೆಂದರೆ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಕೆ? ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತಂತೆ. ಇಲ್ಲಿ ನಾಲ್ಕು ಜನರ ಮೌನದಲ್ಲಿ ಕೂಸು ಸತ್ತೇ ಹೋಗುತ್ತದೆ.

ಕಾನೂನು ಮಾತ್ರ ಮೌನವಾಗಿಲ್ಲ. 1964ರ ಕರ್ನಾಟಕ ಪೌರಸಭೆಗಳ ಕಾಯಿದೆಯಲ್ಲಿ ಬೆಂಕಿ ಆರಿಸುವುದು, ಬೆಂಕಿ ಬಿದ್ದಾಗ ಜೀವ ಮತ್ತು ಆಸ್ತಿಯನ್ನು ಕಾಪಾಡುವುದು ಪೌರಸಭೆಯ ಕಡ್ಡಾಯ ಕರ್ತವ್ಯಗಳ ಸಾಲಿನಲ್ಲಿದೆ, ಇಷ್ಟವಿದ್ದರೆ ಮಾಡುವ ಕೆಲಸಗಳ ಸಾಲಿನಲ್ಲಿಲ್ಲ. ಸಂವಿಧಾನಕ್ಕೆ 1992ರಲ್ಲಿ ಮಾಡಿದ 74ನೆಯ ತಿದ್ದುಪಡಿಯಿಂದ ಬಂದ ಹನ್ನೆರಡನೆಯ ಅನುಸೂಚಿಯನ್ನು ತೆಗೆದು ನೋಡಿ. ಪೌರಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳಲ್ಲಿ ಐದನೆಯದು ನೀರು ಸರಬರಾಜು, ಏಳನೆಯದು ಅಗ್ನಿಶಾಮಕ ಸೇವೆ. ಎರಡರ ನಡುವೆ ಇರುವುದು ಒಂದೇ ಸಾಲು, ಅದು ಸಾರ್ವಜನಿಕ ಆರೋಗ್ಯ ಮತ್ತು ನೈರ್ಮಲ್ಯ. ಸಂವಿಧಾನದ ಪುಟದಲ್ಲಿ ಒಂದು ಸಾಲಿನ ದೂರವಿರುವ ನೀರೂ ಬೆಂಕಿಯ ಇಂಜಿನ್ನೂ ನಮ್ಮ ಊರಿನ ಬೀದಿಯಲ್ಲಿ ಒಂದನ್ನೊಂದು ಸೇರಬೇಡವೆ?

ಡಾ. ರಾಮಮನೋಹರ ಲೋಹಿಯಾ ಅವರು ಗ್ರಾಮ, ಜಿಲ್ಲೆ, ಪ್ರಾಂತ, ಕೇಂದ್ರ ಎಂಬ ನಾಲ್ಕು ಕಂಬಗಳ ರಾಜ್ಯವನ್ನು ಪ್ರತಿಪಾದಿಸಿದ್ದು ಇದಕ್ಕಾಗಿಯೇ. ಕೆಳಗಿನ ಕಂಬಕ್ಕೆ ಹೊಣೆಯನ್ನು ಕೊಟ್ಟು, ಹಣವನ್ನೂ ಅಧಿಕಾರವನ್ನೂ ಮೇಲಿನ ಕಂಬದಲ್ಲೇ ಇಟ್ಟುಕೊಂಡರೆ ಮನೆ ನಿಲ್ಲುವುದಿಲ್ಲ. ನಮ್ಮ ಪೌರಸಂಸ್ಥೆಗಳ ಕೈ ಬಿಗಿಯಾಗಿದೆಯೆಂಬುದನ್ನು ನಾವು ಒಪ್ಪುತ್ತೇವೆ, ಅವರ ಪರವಾಗಿ ಬೆಂಗಳೂರಿನ ಮೇಲೆ ಜಗಳಕ್ಕೂ ಬರುತ್ತೇವೆ. ಆದರೆ ಇರುವ ನಲ್ಲಿಯನ್ನು ಎಣಿಸುವುದಕ್ಕೆ ಬೆಂಗಳೂರಿನ ಅಪ್ಪಣೆ ಬೇಕೆಂದರೆ ಆ ಮಾತನ್ನು ಒಪ್ಪುವುದಿಲ್ಲ.

ನೆಪಗಳೂ ನಮ್ಮ ಜವಾಬೂ

ಹಣವಿಲ್ಲವೆನ್ನುತ್ತಾರೆ. ಒಂದು ಡಬ್ಬಿ ಹಳದಿ ಬಣ್ಣ, ನಲ್ಲಿಗೊಂದು ತಗಡು, ಒಂದು ಕೀಲಿ, ಸ್ವಲ್ಪ ಗ್ರೀಸು, ಒಂದು ರಿಜಿಸ್ಟರು ಪುಸ್ತಕ, ವರ್ಷಕ್ಕೆ ಎರಡು ಸಲ ಇಬ್ಬರು ನೌಕರರ ಕೆಲವು ದಿನಗಳ ದುಡಿಮೆ. ಸ್ವಾಗತ ಕಮಾನಿಗೂ ಸನ್ಮಾನದ ಶಾಲಿಗೂ ಹುಟ್ಟುವ ಹಣ ಇದಕ್ಕೆ ಮಾತ್ರ ಯಾಕೆ ಹುಟ್ಟುವುದಿಲ್ಲ?

ಕುಡಿಯಲು ನೀರಿಲ್ಲದಿರುವಾಗ ಪರೀಕ್ಷೆಯ ಹೆಸರಿನಲ್ಲಿ ನೀರು ಚೆಲ್ಲಬೇಕೆ ಎನ್ನುತ್ತಾರೆ. ಒಂದು ನಲ್ಲಿಯನ್ನು ಒಂದು ನಿಮಿಷ ಬಿಟ್ಟರೆ ಹೋಗುವುದು ಸುಮಾರು 450 ಲೀಟರು, ವರ್ಷಕ್ಕೆ ಎರಡು ಸಲಕ್ಕೆ 900 ಲೀಟರು. ಅದನ್ನೂ ಟ್ಯಾಂಕರಿಗೆ ಹಿಡಿದು ರಸ್ತೆ ಬದಿಯ ಗಿಡಗಳಿಗೆ ಹಾಕಬಹುದು. ಒಡೆದ ಪೈಪು ವಾರಗಟ್ಟಲೆ ಚರಂಡಿಗೆ ನೀರು ಹರಿಸುವಾಗ ಎಚ್ಚರವಾಗದ ಜಲಪ್ರೇಮ ಇಲ್ಲಿ ಮಾತ್ರ ಎಚ್ಚರವಾಗುವುದು ವಿಚಿತ್ರ.

ಮೂರನೆಯ ನೆಪದಲ್ಲಿ ಸ್ವಲ್ಪ ಸತ್ಯವಿದೆ. ನಮ್ಮಂಥ ಊರುಗಳಲ್ಲಿ ಕೊಳವೆಯಲ್ಲಿ ದಿನವಿಡೀ ನೀರಿರುವುದಿಲ್ಲ. ಸರದಿಯ ಪ್ರಕಾರ ಬೀದಿಗೆ ಬಿಡುತ್ತಾರೆ, ಮಿಕ್ಕ ಹೊತ್ತು ಕೊಳವೆ ಒಣಗಿರುತ್ತದೆ. ಹೈಡ್ರೆಂಟ್ ಇಟ್ಟರೂ ಗಾಳಿ ಬರುತ್ತದೆಯೇ ಹೊರತು ನೀರು ಬರುವುದಿಲ್ಲ ಎನ್ನುತ್ತಾರೆ. ಸರಿ, ಹಾಗಾದರೆ ನೀರು ಸದಾ ಇರುವ ಕಡೆ ನಲ್ಲಿಯನ್ನಿಡಿ. ಪ್ರತಿಯೊಂದು ಓವರ್‌ಹೆಡ್ ಟ್ಯಾಂಕಿನ ಬುಡದಲ್ಲಿ ಫೈರ್ ಇಂಜಿನ್ನು ಬಂದು ತುಂಬಿಸಿಕೊಳ್ಳುವ ದಪ್ಪ ನಲ್ಲಿಯೊಂದನ್ನು ಹಾಕಿ. ಟ್ಯಾಂಕಿನಲ್ಲಿ ಬೆಂಕಿಯ ಪಾಲಿನ ನೀರು ಯಾವಾಗಲೂ ಉಳಿಯುವಂತೆ ಬೀದಿಗೆ ನೀರು ಬಿಡುವ ಕೊಳವೆಯನ್ನು ಸ್ವಲ್ಪ ಎತ್ತರದಲ್ಲಿಡಿ. ಕೊಬ್ಬರಿ ಮಾರುಕಟ್ಟೆಯ ಪ್ರಾಂಗಣದಲ್ಲಿ ನೆಲದೊಳಗೆ ತೊಟ್ಟಿ ಕಟ್ಟಿ, ಶೆಡ್ಡುಗಳ ಮೇಲೆ ಬೀಳುವ ಮಳೆಯ ನೀರನ್ನೇ ಅದಕ್ಕೆ ತಿರುಗಿಸಿ. ಹೇಮಾವತಿಯ ನೀರು ಬಂದು ನಿಲ್ಲುವ ಈಚನೂರು ಕೆರೆ ತಿಪಟೂರಿಗಿದೆ. ಹೆಸರಿನಲ್ಲೇ ಕೆರೆಯನ್ನಿಟ್ಟುಕೊಂಡ ಊರು ತುರುವೇಕೆರೆ. ಕೆರೆಯ ದಡಕ್ಕೆ ಇಂಜಿನ್ನು ಹೋಗಿ ನೀರೆಳೆಯುವಂತೆ ಗಟ್ಟಿಯಾದ ಒಂದು ಇಳಿಜಾರು ಮಾಡಿಸಿ, ಅದಕ್ಕೂ ಬೋರ್ಡು ಹಾಕಿ. ನೀರು ಬಾರದ ನಲ್ಲಿಗೆ ಬಾರದೆಂದೇ ಗುರುತು ಹಾಕಿ. ಸುಳ್ಳು ನಲ್ಲಿಯನ್ನು ನಂಬಿಸುವುದಕ್ಕಿಂತ ನಿಜವಾದ ತೊಟ್ಟಿಯನ್ನು ತೋರಿಸುವುದು ಮೇಲು.

ನಮ್ಮವರಿಗೂ ಒಂದು ಮಾತು

ವರ್ತಕ ಮಿತ್ರರೇ, ಬೈದದ್ದೆಲ್ಲ ಆಳುವವರಿಗೇ ಆಯಿತೆಂದು ಸಮಾಧಾನಪಡಬೇಡಿ. ಮುಚ್ಚಳದ ಮೇಲೆ ಅಂಗಡಿಯ ಹಲಗೆ ಚಾಚಿದವರಲ್ಲಿ, ಮೂಟೆ ಪೇರಿಸಿದವರಲ್ಲಿ, ಇಂಜಿನ್ನು ಬರುವ ದಾರಿಗೆ ಲಾರಿ ಅಡ್ಡ ನಿಲ್ಲಿಸಿದವರಲ್ಲಿ ನಮ್ಮ ಪತ್ರಿಕೆಯ ಚಂದಾದಾರರೂ ಇದ್ದಾರೆ. 2019ರ ಡಿಸೆಂಬರಿನಲ್ಲಿ ದೆಹಲಿಯ ಅನಾಜ್ ಮಂಡಿಯಲ್ಲಿ ಕೆಲಸದ ಜಾಗದಲ್ಲೇ ಮಲಗಿದ್ದ 43 ಜನ ಕಾರ್ಮಿಕರು ಸತ್ತಾಗ ಅಲ್ಲಿನ ಸಂದಿಯೊಳಗೆ ಫೈರ್ ಇಂಜಿನ್ನು ನುಗ್ಗುವುದೇ ಕಷ್ಟವಾಯಿತು. ನಮ್ಮ ಪೇಟೆ ಬೀದಿಗಳು ಅದಕ್ಕಿಂತ ಬಹಳ ಅಗಲವೇ? ನೀವು ಆಕ್ರಮಿಸಿದ ಆ ಮೂರಡಿ ಜಾಗ ನಾಳೆ ನಿಮ್ಮ ಅಂಗಡಿಯ ನೀರಿನ ದಾರಿ. ದೊಡ್ಡ ಧಣಿಗೆ ವಿಮೆಯಿದೆ, ಸ್ವಂತ ಬೋರ್‌ವೆಲ್ ಇದೆ, ಬೇರೆ ಊರಿನಲ್ಲಿ ಇನ್ನೊಂದು ಗೋಡೌನಿದೆ. ನಿಮಗಿರುವುದು ಬೀದಿಯ ನಲ್ಲಿ ಒಂದೇ.

ಕಾರ್ಮಿಕ ಬಂಧುಗಳೇ, ಎಣ್ಣೆ ಗಾಣಗಳಲ್ಲಿ, ನಾರಿನ ಕಾರ್ಖಾನೆಗಳಲ್ಲಿ, ಕಾಯಿಪುಡಿ ಕಾರ್ಖಾನೆಗಳಲ್ಲಿ ದುಡಿಯುವ ಅಣ್ಣತಮ್ಮಂದಿರೇ, ಕೊಬ್ಬರಿ ಸುಲಿಯುವ ಅಕ್ಕತಂಗಿಯರೇ, ಗೇಟಿನ ಹತ್ತಿರದ ನಲ್ಲಿ ಯಾವುದು, ಹಿಂದಿನ ಬಾಗಿಲಿನ ಬೀಗದ ಕೈ ಯಾರ ಹತ್ತಿರ ಎಂದು ಕೇಳುವುದು ನಿಮ್ಮ ಹಕ್ಕು. ಕೇಳಿದ್ದಕ್ಕೆ ಕೆಲಸದಿಂದ ತೆಗೆದರೆ ನಮ್ಮ ಕಛೇರಿಗೆ ಬನ್ನಿ.

ನಾವು ಬೇಡುವುದೇನು, ಮಾಡುವುದೇನು

ನಮ್ಮ ಬೇಡಿಕೆಗಳು ಐದು. ಒಂದು, ಮೂರು ಪಟ್ಟಣಗಳಲ್ಲೂ ಹುಳಿಯಾರಿನಲ್ಲೂ ಬೆಂಕಿಯ ನಲ್ಲಿಗಳ, ತುಂಬಿಸಿಕೊಳ್ಳುವ ಜಾಗಗಳ ಎಣಿಕೆಯಾಗಿ, ನಂಬರು ಹಾಕಿದ ಪಟ್ಟಿಯೂ ನಕ್ಷೆಯೂ ಕಛೇರಿಯಲ್ಲಿ, ಅಗ್ನಿಶಾಮಕ ಠಾಣೆಯಲ್ಲಿ, ಮಾರುಕಟ್ಟೆಯಲ್ಲಿ ಜನರಿಗೆ ಕಾಣುವಂತೆ ತೂಗಬೇಕು. ಎರಡು, ಪ್ರತಿಯೊಂದರ ಹತ್ತಿರದ ಗೋಡೆಗೆ ಹಳದಿ ತಗಡು, ಅದರಲ್ಲಿ ನಂಬರು, ಕೊಳವೆಯ ದಪ್ಪ, ದೂರ ಕನ್ನಡದಲ್ಲಿ ಇರಬೇಕು. ಮೂರು, ಆರು ತಿಂಗಳಿಗೊಮ್ಮೆ ನಗರಸಭೆಯ ನೀರಿನ ವಿಭಾಗ ಮತ್ತು ಅಗ್ನಿಶಾಮಕ ಠಾಣೆ ಜಂಟಿಯಾಗಿ ತೆರೆದು, ನೀರು ಬಿಟ್ಟು, ಹೋಸು ಕೂರಿಸಿ ನೋಡಿ, ತಾರೀಖನ್ನೂ ಪರೀಕ್ಷಿಸಿದವರ ಸಹಿಯನ್ನೂ ರಿಜಿಸ್ಟರಿನಲ್ಲಿ ಬರೆಯಬೇಕು. ನಾಲ್ಕು, ರಸ್ತೆಯ ಕಂಟ್ರಾಕ್ಟಿನ ಬಿಲ್ಲು ಪಾಸಾಗುವ ಮುಂಚೆ ಮುಚ್ಚಳಗಳೆಲ್ಲ ರಸ್ತೆಯ ಮಟ್ಟಕ್ಕೆ ಬಂದಿವೆಯೆಂದು ಠಾಣೆಯಿಂದ ಬರಹ ತರಬೇಕು. ಐದು, ಕೊಬ್ಬರಿ ಮಾರುಕಟ್ಟೆ ಮತ್ತು ನಾರಿನ ಕಾರ್ಖಾನೆಗಳಿರುವ ಕಡೆ ಬೇಸಿಗೆಗೆ ಮುಂಚೆ ತೊಟ್ಟಿಗಳು ಕಟ್ಟಿ ಮುಗಿಯಬೇಕು.

ಬೇಡಿ ಸುಮ್ಮನೆ ಕೂರುವವರು ನಾವಲ್ಲ. ಈ ವಾರವೇ ಪ್ರತಿ ವಾರ್ಡಿನಿಂದ ಒಬ್ಬರು 2005ರ ಮಾಹಿತಿ ಹಕ್ಕು ಕಾಯಿದೆಯಡಿ ಅರ್ಜಿ ಹಾಕಬೇಕು. ಶುಲ್ಕ 10 ರೂಪಾಯಿ. ಒಂದೇ ವಿಷಯ, 150 ಪದಗಳೊಳಗೆ ಬರೆಯಿರಿ. ಮೇಲೆ ಕೇಳಿದ ಮೂರು ಪ್ರಶ್ನೆಗಳೇ ಸಾಕು. 30 ದಿನಗಳೊಳಗೆ ಉತ್ತರ ಕೊಡುವುದು ಅವರ ಹೊಣೆ. ಅರ್ಜಿ ಬರೆಯಲು ಬಾರದವರಿಗೆ ನಮ್ಮ ಕಛೇರಿಯಲ್ಲಿ ಸಂಜೆ ಆರರ ಮೇಲೆ ಬರೆದು ಕೊಡಲಾಗುವುದು.

ಉತ್ತರ ಬಾರದಿದ್ದರೆ ಬರುವ ಏಪ್ರಿಲ್ 14ರಂದು ನಾವು ಬೀದಿಗೆ ಇಳಿಯುತ್ತೇವೆ. ಅದು ಅಗ್ನಿಶಾಮಕ ಸೇವಾ ದಿನ. ಸಾರ್ವಜನಿಕರ ನೀರು ಸಾರ್ವಜನಿಕರೆಲ್ಲರದೆಂದು 1927ರಲ್ಲಿ ಮಹಾಡದ ಚೌದಾರ್ ಕೆರೆಗೆ ಇಳಿದ ಬಾಬಾಸಾಹೇಬರು ಹುಟ್ಟಿದ ದಿನವೂ ಹೌದು. ಅಂದು ನಾವು ಯಾವ ವಾಲ್ವನ್ನೂ ಮುಟ್ಟುವುದಿಲ್ಲ, ಒಂದು ತೊಟ್ಟು ನೀರನ್ನೂ ಚೆಲ್ಲುವುದಿಲ್ಲ. ಬೀದಿ ಬೀದಿಯಲ್ಲಿ ಹುಡುಕಿ, ಸಿಕ್ಕ ನಲ್ಲಿಗಳನ್ನೆಲ್ಲ ಕಾಗದದ ಮೇಲೆ ಬರೆದುಕೊಂಡು, ಆ ಪಟ್ಟಿಯನ್ನು ಮೆರವಣಿಗೆಯಲ್ಲಿ ಒಯ್ದು ನಗರಸಭೆಯ ಮೇಜಿನ ಮೇಲೆ ಇಡುತ್ತೇವೆ. ಅಂದು ಬರುವವರು ಒಂದು ಪೆನ್ಸಿಲನ್ನೂ ಒಂದು ಹಾಳೆ ಕಾಗದವನ್ನೂ ತನ್ನಿ. ಬೆಳಿಗ್ಗೆ 8 ಗಂಟೆಗೆ ತಿಪಟೂರಿನ ಕೋಡಿ ಸರ್ಕಲ್ಲಿನಲ್ಲಿ ಸೇರೋಣ.